ಒಂದು ಪದ, ಒಂದು ವಿವರಣೆ, ಮೂರು ವಾಕ್ಯ: ಕೊಡಗಿನ ವಿದ್ಯಾರ್ಥಿಗಳಿಗೆ ಅಕಾಡೆಮಿಕ್ ಇಂಗ್ಲಿಷ್ ಪದಗಳ ಸಮಗ್ರ ಮಾರ್ಗದರ್ಶಿ

ಕಳೆದ ಮಳೆಗಾಲದ ಒಂದು ಸಂಜೆ ನಾಪೋಕ್ಲು ಕಡೆಯ ಹುಡುಗಿಯೊಬ್ಬಳು ಹತ್ತು ಪುಟಗಳ ಜೆರಾಕ್ಸ್ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಅದು ಕರಿಮೆಣಸಿನ ಸೊರಗು ರೋಗದ ಬಗೆಗಿನ ಇಂಗ್ಲಿಷ್ ಸಂಶೋಧನಾ ಲೇಖನ. ಕಾಲೇಜಿನ ಸೆಮಿನಾರಿನಲ್ಲಿ ಅವಳು ಅದರ ಬಗ್ಗೆ ಮಾತನಾಡಬೇಕಿತ್ತು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ರೋಗ ತರುವ ಫೈಟಾಫ್ತೊರಾದ ಹೆಸರನ್ನು ತಡವರಿಸದೆ ಹೇಳಿದಳು. ಎಲೆಯ ಮೇಲೆ ಕಪ್ಪು ಮಚ್ಚೆ ಮೂಡಿ ಬಳ್ಳಿ ಹೇಗೆ ಸೊರಗುತ್ತದೆ ಎಂಬುದನ್ನು ತಮ್ಮ ತೋಟದಲ್ಲೇ ಕಂಡಿದ್ದಳು. ಆದರೂ ಲೇಖನ ಅವಳಿಗೆ ಅರ್ಥವಾಗಿರಲಿಲ್ಲ. ಅವಳು ಪೆನ್ಸಿಲಿನಲ್ಲಿ ಅಡಿಗೆರೆ ಎಳೆದಿದ್ದ ಪದಗಳನ್ನು ನೋಡಿದೆ: ಇಂಡಿಕೇಟ್, ವೇರಿ, ಸಿಗ್ನಿಫಿಕಂಟ್, ಅಟ್ರಿಬ್ಯೂಟ್, ಸಬ್‌ಸಿಕ್ವೆಂಟ್.

ರೋಗದ ಹೆಸರು ಗೊತ್ತು, ಈ ಐದು ಗೊತ್ತಿಲ್ಲ. ನಮ್ಮ ಜಿಲ್ಲೆಯ ಎಷ್ಟೋ ಮಕ್ಕಳ ಕಷ್ಟ ಇಲ್ಲೇ ಇದೆ. ವಿಷಯದ ಪಾರಿಭಾಷಿಕ ಪದಗಳನ್ನು ಮೇಷ್ಟರು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರೆ. ದಿನಬಳಕೆಯ ಇಂಗ್ಲಿಷ್ ಪದಗಳು ಟಿವಿ, ಮೊಬೈಲು, ಅಂಗಡಿಯಿಂದ ತಾವಾಗಿಯೇ ಬರುತ್ತವೆ. ಎರಡರ ನಡುವೆ ಇರುವ, ಯಾವ ವಿಷಯದ ಪುಸ್ತಕ ತೆರೆದರೂ ಎದುರಾಗುವ ಪದಗಳನ್ನು ಯಾರೂ ಕಲಿಸುವುದಿಲ್ಲ. ಭೌತಶಾಸ್ತ್ರದ ಮೇಷ್ಟರು ಅವನ್ನು ಇಂಗ್ಲಿಷ್ ಮೇಷ್ಟರ ಪಾಲಿಗೆ ಬಿಡುತ್ತಾರೆ. ಇಂಗ್ಲಿಷ್ ಮೇಷ್ಟರು ಕಥೆ, ಕವಿತೆ ಮುಗಿಸುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಈ ನಡುವಿನ ಪದಗಳನ್ನು ವಿವರಣೆ ಮತ್ತು ಉದಾಹರಣೆ ವಾಕ್ಯಗಳ ಮೂಲಕ ಮನೆಯಲ್ಲೇ ಕುಳಿತು ಕಲಿಯುವುದು ಹೇಗೆ ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಾನು ಕಲಿತದ್ದೂ, ಈಗ ಕಲಿಸುತ್ತಿರುವುದೂ ಇದೇ ಕ್ರಮದಲ್ಲಿ.

ಮೊದಲ ಹೆಜ್ಜೆ: ಯಾವ ಪದಗಳು ಎಂದು ನಿರ್ಧರಿಸಿ

ಇಂಗ್ಲಿಷಿನಲ್ಲಿ ಪದಗಳು ಲಕ್ಷಗಟ್ಟಲೆ ಇವೆ. ನಿಘಂಟನ್ನು ಮೊದಲ ಪುಟದಿಂದ ಓದಲು ಹೊರಟವರು ಎರಡನೇ ಅಕ್ಷರವನ್ನು ದಾಟಿದ್ದನ್ನು ನಾನು ಕಂಡಿಲ್ಲ. ಅದೃಷ್ಟಕ್ಕೆ ಈ ಆಯ್ಕೆಯ ಕೆಲಸವನ್ನು ನಮಗಾಗಿ ಬೇರೆಯವರು ಮಾಡಿಟ್ಟಿದ್ದಾರೆ. ನ್ಯೂಜಿಲೆಂಡಿನ ಎವೆರಿಲ್ ಕಾಕ್ಸ್‌ಹೆಡ್ ಅವರು ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಈ ನಾಲ್ಕು ವಿಭಾಗಗಳ ಬರಹಗಳಿಂದ ಸುಮಾರು 35 ಲಕ್ಷ ಪದಗಳನ್ನು ಕಲೆಹಾಕಿ, ನಾಲ್ಕರಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು, ಅಂದರೆ ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳನ್ನು, ಆರಿಸಿದರು. 2000ದಲ್ಲಿ ಪ್ರಕಟವಾದ ಇದರ ಹೆಸರು ಅಕಾಡೆಮಿಕ್ ವರ್ಡ್ ಲಿಸ್ಟ್. ಇಂಟರ್‌ನೆಟ್ಟಿನಲ್ಲಿ ಆ ಹೆಸರಿನಿಂದ ಹುಡುಕಿದರೆ ಪೂರ್ತಿ ಪಟ್ಟಿ ಉಚಿತವಾಗಿ ಸಿಗುತ್ತದೆ. ಅದಕ್ಕೂ ಮೊದಲು, 1953ರಲ್ಲಿ, ಮೈಕೆಲ್ ವೆಸ್ಟ್ ಅವರು ದಿನಬಳಕೆಯ ಸುಮಾರು 2,000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದ್ದರು. ಅವರು ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜು ನಡೆಸುತ್ತಾ, ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ಹತ್ತಿರದಿಂದ ಕಂಡವರು. ಕಾಕ್ಸ್‌ಹೆಡ್ ಆ 2,000 ಪದಗಳನ್ನು ಬಿಟ್ಟು, ಉಳಿದವುಗಳಲ್ಲಿ ಆಯ್ದರು.

ಈ 570 ಕುಟುಂಬಗಳು ಅಕಾಡೆಮಿಕ್ ಬರಹದ ಸುಮಾರು ಶೇ 10ರಷ್ಟು ಜಾಗವನ್ನು ತುಂಬುತ್ತವೆ. ಅಂದರೆ ಹತ್ತು ಪದಗಳಿಗೆ ಒಂದು. ಅದೇ ಕಥೆ, ಕಾದಂಬರಿಗಳಲ್ಲಿ ಇವುಗಳ ಪಾಲು ಶೇ 1.4 ಮಾತ್ರ. ‘ಇಂಗ್ಲಿಷ್ ಕಾದಂಬರಿ ಓದು, ಎಲ್ಲಾ ಬರುತ್ತದೆ’ ಎಂಬ ಸಲಹೆಯನ್ನು ನಂಬಿ ನಾನು ಎರಡು ವರ್ಷ ಕಳೆದೆ. ಓದಿನ ಸುಖ ಸಿಕ್ಕಿತು, ಆದರೆ ಈ ಪದಗಳು ಅಲ್ಲಿ ಸಿಗುವುದೇ ಅಪರೂಪ. ನನ್ನ ಹುಡುಗಿ ಗೆರೆ ಎಳೆದಿದ್ದ ಐದೂ ಪದಗಳು ಈ ಪಟ್ಟಿಯಲ್ಲಿವೆ.

ಪಟ್ಟಿ ಹತ್ತು ಉಪಪಟ್ಟಿಗಳಾಗಿ ಹರಡಿಕೊಂಡಿದೆ. ಮೊದಲ ಒಂಬತ್ತರಲ್ಲಿ ತಲಾ 60 ಕುಟುಂಬಗಳು, ಕೊನೆಯದರಲ್ಲಿ 30. ಅತಿ ಹೆಚ್ಚು ಬಳಕೆಯವು ಮೊದಲನೆಯದರಲ್ಲಿವೆ, ಆದ್ದರಿಂದ ಅಲ್ಲಿಂದಲೇ ಪ್ರಾರಂಭಿಸಿ. ಪ್ರಿಂಟ್ ತೆಗೆದುಕೊಂಡು ಪ್ರತಿ ಪದದ ಮುಂದೆ ಗುರುತು ಹಾಕಿ: ಬರೆಯಲು ಬಳಸಬಲ್ಲೆ ಎಂದಾದರೆ ಸರಿ ಗುರುತು, ನೋಡಿದ್ದೇನೆ ಆದರೆ ಖಚಿತವಿಲ್ಲ ಎಂದಾದರೆ ಸೊನ್ನೆ, ಹೊಸತಾದರೆ ಖಾಲಿ. ಸೊನ್ನೆ ಹಾಕಿದ ಪದಗಳ ಮೇಲೆ ಮೊದಲು ಕೈ ಹಾಕಿ. ಅರ್ಧ ಪರಿಚಯ ಇರುವವು ಬೇಗ ನಿಮ್ಮವಾಗುತ್ತವೆ.

ಎರಡನೇ ಹೆಜ್ಜೆ: ವಿವರಣೆ ಓದುವುದನ್ನು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಇಂಗ್ಲಿಷ್ ಪದ, ಎದುರಿಗೆ ಒಂದು ಕನ್ನಡ ಪದ. ನಾವೆಲ್ಲ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಹೀಗೆಯೇ ಬರೆದುಕೊಂಡು ಉರು ಹೊಡೆದವರು. ನಾನು ಎಂ.ಎಸ್ಸಿ. ಮೊದಲ ವರ್ಷದಲ್ಲಿ ಹೀಗೆ ಮುನ್ನೂರು ಪದ ಬಾಯಿಪಾಠ ಮಾಡಿದ್ದೆ. ಎಸ್ಟಿಮೇಟ್ ಎಂದರೆ ಊಹೆ, ಅಸ್ಯೂಮ್ ಎಂದರೆ ಊಹಿಸು, ಪ್ರಿಡಿಕ್ಟ್ ಎಂದರೆ ಊಹಿಸು, ಹೈಪಾಥಿಸಿಸ್ ಎಂದರೆ ಊಹೆ. ನಾಲ್ಕಕ್ಕೂ ಒಂದೇ ಉತ್ತರ! ಪರೀಕ್ಷೆಯಲ್ಲಿ ಅಸ್ಯೂಮ್ ಇರಬೇಕಾದ ಕಡೆ ಎಸ್ಟಿಮೇಟ್ ಬರೆದು ಅಂಕ ಕಳೆದುಕೊಂಡೆ. ಕನ್ನಡದಲ್ಲಿ ಆ ವ್ಯತ್ಯಾಸ ಹೇಳಲಾಗದು ಎಂದಲ್ಲ, ಒಂದೇ ಪದದಲ್ಲಿ ಹೇಳಲಾಗದು. ಒಂದು ವಾಕ್ಯ ಬೇಕು. ಆ ವಾಕ್ಯವೇ ವಿವರಣೆ.

ಈ ನಾಲ್ಕನ್ನೂ ಕಾಫಿ ತೋಟಕ್ಕೆ ಕರೆದುಕೊಂಡು ಹೋಗೋಣ. ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿತ್ತು ಎಂದುಕೊಳ್ಳಿ. ವಾರ-ಹತ್ತು ದಿನದಲ್ಲಿ ರೊಬಸ್ಟಾ ಅರಳಿ ತೋಟವೆಲ್ಲ ಬಿಳಿಯಾಯಿತು. ನಿಮ್ಮ ಅಪ್ಪ ಅಲ್ಲಲ್ಲಿ ಕೆಲವು ಗಿಡಗಳ ಮುಂದೆ ನಿಂತು, ರೆಂಬೆಗೆ ಎಷ್ಟು ಗಿಣ್ಣು, ಗಿಣ್ಣಿಗೆ ಎಷ್ಟು ಹೂ ಎಂದು ಎಣಿಸಿ, ಈ ಸಲ ಎಕರೆಗೆ ಇಷ್ಟು ಚೀಲ ಬರಬಹುದು ಎನ್ನುತ್ತಾರೆ. ಪೂರ್ತಿ ಎಣಿಸಿಲ್ಲ, ಆದರೆ ಲೆಕ್ಕಕ್ಕೆ ಆಧಾರವಿದೆ, ಅದು ಎಸ್ಟಿಮೇಟ್. ಆ ಲೆಕ್ಕ ಹಾಕುವಾಗ, ಎರಡು-ಮೂರು ವಾರದಲ್ಲಿ ಬ್ಯಾಕಿಂಗ್ ಮಳೆ, ಅಂದರೆ ಹೂವಿನ ನಂತರ ಕಾಯಿ ಕಟ್ಟಲು ಬೇಕಾದ ಮಳೆ, ಬಂದೇ ಬರುತ್ತದೆ ಎಂದು ಅವರು ಪುರಾವೆ ಇಲ್ಲದೆಯೇ ಇಟ್ಟುಕೊಂಡಿದ್ದಾರೆ. ಹಾಗೆ ಇಟ್ಟುಕೊಳ್ಳದೆ ಲೆಕ್ಕ ಮುಂದಕ್ಕೆ ಹೋಗುವುದಿಲ್ಲ, ಅದು ಅಸ್ಯೂಮ್. ಆ ಮಳೆ ಬಾರದಿದ್ದರೆ ಕಾಯಿಕಟ್ಟು ಕೆಡುತ್ತದೆ ಎಂದು ಮುಂದಾಗುವುದನ್ನು ಈಗಲೇ ಹೇಳಿದರೆ ಅದು ಪ್ರಿಡಿಕ್ಟ್. ಇನ್ನು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಂಥ ಕಡೆ ಒಬ್ಬ ವಿಜ್ಞಾನಿ, ಸ್ಪ್ರಿಂಕ್ಲರ್ ನೀರನ್ನು ಇಷ್ಟು ದಿನ ಮೊದಲೇ ಕೊಟ್ಟರೆ ಕಾಯಿಕಟ್ಟು ಹೆಚ್ಚುತ್ತದೆ ಎಂಬ ಮಾತನ್ನು ಪರೀಕ್ಷೆಗೆ ಒಡ್ಡಲೆಂದೇ ಮುಂದಿಟ್ಟರೆ ಅದು ಹೈಪಾಥಿಸಿಸ್. ಪರೀಕ್ಷಿಸಿದಾಗ ಅದು ಸುಳ್ಳಾಗಲೂಬಹುದು. ಒಂದೇ ತೋಟ, ಒಂದೇ ಹೂವು, ನಾಲ್ಕು ಬೇರೆ ಬೇರೆ ಮನಸ್ಸಿನ ಕೆಲಸ. ಕಾಫಿ ಮಂಡಳಿಯವರು ವರ್ಷಕ್ಕೆ ಎರಡು ಬಾರಿ, ಹೂವಿನ ನಂತರ ಒಮ್ಮೆ ಮತ್ತು ಮುಂಗಾರಿನ ನಂತರ ಒಮ್ಮೆ, ಫಸಲಿನ ಎಸ್ಟಿಮೇಟ್ ಪ್ರಕಟಿಸುತ್ತಾರೆ. ಅದನ್ನು ಅವರು ಪ್ರಿಡಿಕ್ಷನ್ ಎಂದು ಏಕೆ ಕರೆಯುವುದಿಲ್ಲ ಎಂದು ಈಗ ನಿಮಗೇ ಹೊಳೆದಿರಬೇಕು.

ವಿವರಣೆಗೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಬಳಸಿ. ಲಾಂಗ್‌ಮನ್ನಿನ ಕಲಿಕಾ ನಿಘಂಟು 1978ರಲ್ಲಿ ಬಂದಾಗ ಅದರ ವಿವರಣೆಗಳೆಲ್ಲ ಸುಮಾರು 2,000 ಸರಳ ಪದಗಳಲ್ಲೇ ಇದ್ದವು. ಆ ಸರಳ ಪದಗಳು ಗೊತ್ತಿದ್ದವರಿಗೆ ಇಡೀ ನಿಘಂಟು ತೆರೆದುಕೊಳ್ಳುತ್ತದೆ. 1987ರ ಕೋಬಿಲ್ಡ್ ನಿಘಂಟು ಇನ್ನೊಂದು ದಾರಿ ಹಿಡಿಯಿತು: ವಿವರಣೆಯನ್ನೇ ಪೂರ್ತಿ ವಾಕ್ಯವಾಗಿ, ‘ನೀವು ಒಂದನ್ನು ಹೀಗೆ ಮಾಡಿದರೆ’ ಎಂದು ಮೇಷ್ಟರು ಹೇಳುವ ಧಾಟಿಯಲ್ಲಿ ಬರೆಯಿತು. ಹೊಸಬರಿಗೆ ಈ ಎರಡನೆಯದು ಹೆಚ್ಚು ಹತ್ತಿರವಾಗುತ್ತದೆ ಎಂಬುದು ನನ್ನ ಅನುಭವ. ಇಂಥ ಕಲಿಕಾ ನಿಘಂಟುಗಳನ್ನು ಈಗ ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು. ಇಂಗ್ಲಿಷರಿಗಾಗಿ ಬರೆದ ದಪ್ಪ ನಿಘಂಟುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ವಿವರಣೆಯನ್ನು ಓದುವಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಯಾವ ಗುಂಪಿಗೆ ಸೇರಿದ್ದು? ಆ ಗುಂಪಿನ ಉಳಿದವುಗಳಿಂದ ಯಾವುದರಲ್ಲಿ ಬೇರೆ? ಎಸ್ಟಿಮೇಟ್ ಲೆಕ್ಕ ಹಾಕುವ ಗುಂಪಿಗೆ ಸೇರಿದ್ದು. ಪೂರ್ತಿ ಎಣಿಸದೆ, ಆದರೆ ಆಧಾರ ಇಟ್ಟುಕೊಂಡು ಹಾಕುವುದರಲ್ಲಿ ಅದು ಬೇರೆ. ಎರಡಕ್ಕೂ ಉತ್ತರ ಸಿಕ್ಕಿದ ಮೇಲೆ ನಿಘಂಟನ್ನು ಮುಚ್ಚಿ, ನಿಮ್ಮದೇ ಕನ್ನಡದಲ್ಲಿ ಒಂದು ವಾಕ್ಯದ ವಿವರಣೆ ಬರೆಯಿರಿ. ಮನೆಮಾತು ಕೊಡವ ತಕ್ಕ್, ಅರೆಭಾಷೆ, ಮಲಯಾಳ ಅಥವಾ ತುಳು ಆಗಿದ್ದರೆ ಅದರಲ್ಲೇ ಬರೆಯಿರಿ. ಮುಚ್ಚಿ ಬರೆಯುವುದು ಮುಖ್ಯ. ನೋಡಿ ಬರೆದರೆ ಕೈ ಮಾತ್ರ ಕೆಲಸ ಮಾಡುತ್ತದೆ.

ಪರಿಚಯದ ಮುಖವಾಡ ಹೊತ್ತ ಪದಗಳು

ಕೆಲವು ಪದಗಳು ನಮಗೆ ಮೊದಲೇ ಗೊತ್ತು ಎನಿಸುತ್ತವೆ. ಅವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಕೊಡಗಿನ ತೋಟದಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವರು. ಇದೇ ಪದವನ್ನು ಲಂಡನ್ನಿನಲ್ಲಿ ಹೇಳಿದರೆ ಪುಸ್ತಕ ಬರೆಯುವವರು ಎಂದು ತಿಳಿಯುತ್ತಾರೆ. ಎರಡೂ ಸರಿ, ಪದ ಊರಿಂದ ಊರಿಗೆ ಹೋದಾಗ ಕೆಲಸ ಬದಲಿಸುತ್ತದೆ. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆ ಆಡುತ್ತಾ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಬೇರೆಯವರು ಹೇಳಿಕೊಡಬೇಕಿಲ್ಲ. ಈ ವಿಷಯದಲ್ಲಿ ಅವರು ಒಂದೇ ಭಾಷೆಯ ಮಕ್ಕಳಿಗಿಂತ ಮುಂದಿದ್ದಾರೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಪಟ್ಟಿಯ ಮೊದಲ 60ರಲ್ಲೇ ಇಂಥವು ಹಲವು. ಲೇಬರ್ ಎಂದರೆ ನಮಗೆ ತೋಟದ ಲೈನ್ ಮನೆಯಲ್ಲಿರುವ (ಆಳುಗಳ ಸಾಲುಮನೆಯಲ್ಲಿರುವ) ಒಬ್ಬ ಕೆಲಸಗಾರ. ಅರ್ಥಶಾಸ್ತ್ರದ ಪುಸ್ತಕದಲ್ಲಿ ಅದು ದುಡಿಮೆ, ಅಥವಾ ದುಡಿಯುವವರ ಇಡೀ ಸಮೂಹ. ಇಶ್ಯೂ ಎಂದರೆ ನಮಗೆ ಜಗಳ, ತಕರಾರು. ಪುಸ್ತಕದಲ್ಲಿ ಅದು ಚರ್ಚೆಯಲ್ಲಿರುವ ವಿಷಯ, ಪತ್ರಿಕೆಯ ಸಂಚಿಕೆಯೂ ಹೌದು. ಕಾಂಟ್ರಾಕ್ಟ್ ಎಂದರೆ ಗುತ್ತಿಗೆ ಎಂದು ಎಲ್ಲರಿಗೂ ಗೊತ್ತು; ಕ್ರಿಯಾಪದವಾದಾಗ ಸಂಕುಚಿಸು ಎಂದೂ, ರೋಗ ತಗುಲಿಸಿಕೊಳ್ಳು ಎಂದೂ ಆಗುತ್ತದೆ. ಥಿಯರಿ ಎಂದರೆ ಪ್ರಾಕ್ಟಿಕಲ್ ಅಲ್ಲದ ಪೇಪರ್ ಎಂದು ಕಾಲೇಜು ಹುಡುಗರು ತಿಳಿದಿದ್ದಾರೆ. ವಿಜ್ಞಾನದಲ್ಲಿ ಅದು ಹಲವು ಪುರಾವೆಗಳ ಮೇಲೆ ನಿಂತ ವಿವರಣೆಯ ಚೌಕಟ್ಟು.

ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ಸಿಗ್ನಿಫಿಕಂಟ್. ಮಹತ್ವದ ಎಂದು ಕಲಿತಿರುತ್ತೇವೆ. ಎರಡು ತಾಕುಗಳಲ್ಲಿ ಬೇರೆ ಬೇರೆ ಗೊಬ್ಬರ ಹಾಕಿ, ಇಳುವರಿಯಲ್ಲಿ ಸಿಗ್ನಿಫಿಕಂಟ್ ವ್ಯತ್ಯಾಸ ಕಂಡಿತು ಎಂದು ಲೇಖನ ಹೇಳಿದರೆ, ವ್ಯತ್ಯಾಸ ದೊಡ್ಡದು ಎಂದು ಅರ್ಥವಲ್ಲ. ಗೊಬ್ಬರಗಳ ನಡುವೆ ನಿಜವಾಗಿ ಭೇದವೇ ಇಲ್ಲದಿದ್ದರೆ, ಬರೀ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ ತೀರಾ ಕಡಿಮೆ, ಸಾಮಾನ್ಯವಾಗಿ ಶೇ 5ಕ್ಕಿಂತ ಕಡಿಮೆ, ಎಂಬುದಷ್ಟೇ ಆ ಮಾತು. ಗಿಡಕ್ಕೆ ಅರ್ಧ ಕಿಲೋ ಹೆಚ್ಚಿದ್ದರೂ ಅದು ಸಿಗ್ನಿಫಿಕಂಟ್ ಆಗಬಹುದು, ಎರಡು ಕಿಲೋ ಹೆಚ್ಚಿದ್ದರೂ ಆಗದಿರಬಹುದು. ಇದನ್ನು ತಿಳಿಯದೆ ಲೇಖನ ಓದಿದವರು ದುಬಾರಿ ಗೊಬ್ಬರ ಕೊಂಡುಬಿಡುತ್ತಾರೆ.

ಮೂರನೇ ಹೆಜ್ಜೆ: ಮೂರು ವಾಕ್ಯ

ಪ್ರತಿ ಪದಕ್ಕೆ ಮೂರು ಉದಾಹರಣೆ ವಾಕ್ಯಗಳನ್ನು ಸಂಗ್ರಹಿಸಿ. ಒಂದು ನಿಘಂಟಿನದು, ಒಂದು ನಿಜವಾದ ಅಕಾಡೆಮಿಕ್ ಬರಹದ್ದು, ಒಂದು ನಿಮ್ಮದೇ.

ನಿಘಂಟಿನ ವಾಕ್ಯ ಚಿಕ್ಕದು, ಸ್ವಚ್ಛ. ಅದನ್ನು ಹಾಗೆಯೇ ಬರೆದುಕೊಂಡರೆ ಸಾಕು.

ಎರಡನೆಯದಕ್ಕೆ ನಿಮ್ಮ ವಿಷಯದ ಲೇಖನದ ಸಾರಾಂಶ ಓದಿ. ಪೂರ್ತಿ ಲೇಖನ ಬೇಡ; ಮೊದಲ ಪುಟದ ಆ ಒಂದು ಪ್ಯಾರಾದಲ್ಲೇ ಪಟ್ಟಿಯ ಹತ್ತಾರು ಪದಗಳು ಕಾಣಸಿಗುತ್ತವೆ. ಅಪ್ಪಂಗಳದ ಏಲಕ್ಕಿ ಸಂಶೋಧನಾ ಕೇಂದ್ರದಿಂದ, ಚೆಟ್ಟಳ್ಳಿಯ ತೋಟಗಾರಿಕೆ ಮತ್ತು ಕಾಫಿ ಕೇಂದ್ರಗಳಿಂದ, ಪೊನ್ನಂಪೇಟೆಯ ಅರಣ್ಯ ಕಾಲೇಜಿನಿಂದ ಬಂದ ಲೇಖನಗಳನ್ನು ಹುಡುಕಿ. ಅಲ್ಲಿ ಹೇಳಿರುವ ಮಣ್ಣು, ಮರ, ರೋಗ ನೀವು ಕಣ್ಣಾರೆ ಕಂಡವು. ವಿಷಯ ಗೊತ್ತಿರುವಾಗ ಪದದ ಕಡೆಗೆ ಗಮನ ಕೊಡಲು ಮನಸ್ಸಿಗೆ ಬಿಡುವು ಸಿಗುತ್ತದೆ. ವಾಣಿಜ್ಯ, ಸಮಾಜಶಾಸ್ತ್ರ ಓದುವವರು ತಮ್ಮ ಪಠ್ಯಪುಸ್ತಕದ ಮುನ್ನುಡಿಯಿಂದಲೇ ಪ್ರಾರಂಭಿಸಬಹುದು.

ಮೂರನೆಯ ವಾಕ್ಯವೇ ಪದವನ್ನು ನಿಮ್ಮದಾಗಿಸುವುದು. ಅದನ್ನು ಎಲ್ಲಿಂದ ತರುವುದು ಎಂದು ಎಲ್ಲರೂ ಕೇಳುತ್ತಾರೆ. ನಾನು ಮಳೆಯ ಪುಸ್ತಕ ತೋರಿಸುತ್ತೇನೆ. ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕ ಇದೆ. ಬೆಳಿಗ್ಗೆ ಎದ್ದು ಅಳೆದು, ಇಂಚು–ಸೆಂಟ್ ಲೆಕ್ಕದಲ್ಲಿ ಬರೆದಿಡುವುದು ತಲೆಮಾರುಗಳ ರೂಢಿ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರು. ನಮ್ಮ ಮನೆಯ ಪುಸ್ತಕದ ರಟ್ಟು ತೇವಕ್ಕೆ ಉಬ್ಬಿದೆ, ಹಾಳೆಗಳ ಅಂಚು ಕಂದಿದೆ. ಜನವರಿಯ ಪುಟದಲ್ಲಿ ಒಂದರ ಕೆಳಗೊಂದು ಸೊನ್ನೆ. ಜುಲೈ ಪುಟದಲ್ಲಿ ಅಂಕಿಗಳಿಗೆ ಜಾಗ ಸಾಲದೆ ಅಜ್ಜ ಅಂಚಿನಲ್ಲೂ ಬರೆದಿದ್ದಾರೆ. ಈ ಒಂದು ಪುಟದಿಂದ ಮೊದಲ ಉಪಪಟ್ಟಿಯ ಎಷ್ಟು ಪದಗಳಿಗೆ ವಾಕ್ಯ ಹುಟ್ಟುತ್ತದೆ ನೋಡಿ. ಬರೆದಿಟ್ಟ ಅಂಕಿಗಳೇ ಡೇಟಾ. ಅಳೆದ ರೀತಿ ಮೆಥಡ್. ಪುಸ್ತಕವೇ ಸೋರ್ಸ್. ತಿಂಗಳಿಂದ ತಿಂಗಳಿಗೆ ಮಳೆ ಬೇರೆಯಾಗುತ್ತದೆ ಎನ್ನಲು ವೇರಿ: ‘ರೈನ್‌ಫಾಲ್ ವೇರೀಸ್ ಫ್ರಮ್ ಮಂತ್ ಟು ಮಂತ್’. ಅಜ್ಜ ಊರಿನಲ್ಲಿಲ್ಲದ ವಾರದ ಅಂಕಿಗಳು ಅವೈಲಬಲ್ ಅಲ್ಲ. ಆ ವಾರದ ಮಳೆಯನ್ನು ಪಕ್ಕದ ತೋಟದ ಪುಸ್ತಕ ನೋಡಿ ತುಂಬಿದರೆ ಎಸ್ಟಿಮೇಟ್. ಪಕ್ಕದ ತೋಟದಲ್ಲೂ ನಮ್ಮಷ್ಟೇ ಮಳೆ ಎಂದು ಇಟ್ಟುಕೊಂಡದ್ದು ಅಸ್ಯೂಮ್.

ನಿಮ್ಮ ಮನೆಯಲ್ಲಿ ಮಳೆಯ ಪುಸ್ತಕ ಇಲ್ಲದಿದ್ದರೆ ಅಂಗಡಿಯ ಲೆಕ್ಕ, ಸ್ವಸಹಾಯ ಸಂಘದ ಪಾಸ್‌ಬುಕ್, ಕುಶಾಲನಗರದ ಬಸ್ಸಿನ ವೇಳೆ, ಹಾರಂಗಿ ಜಲಾಶಯದ ನೀರಿನ ಮಟ್ಟ, ಯಾವುದಾದರೂ ಆದೀತು. ಒಂದೇ ನಿಯಮ: ವಾಕ್ಯ ನಿಜವಾಗಿರಬೇಕು. ಸುಮ್ಮನೆ ಕಟ್ಟಿದ ವಾಕ್ಯ ಮರುದಿನ ಮರೆತುಹೋಗುತ್ತದೆ.

ಕಾರಣ ಹೇಳುವ ಪದಗಳಿಗೆ ಇನ್ನೊಂದು ನೆಲೆ ಇದೆ, ಅದನ್ನು ನೆನೆಯಲು ನೋವಾಗುತ್ತದೆ. ಆಗಸ್ಟ್ 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಕುಸಿದಾಗ ಊರಿನಲ್ಲಿ ಎಲ್ಲರೂ ‘ಮಳೆಯಿಂದ ಆಯಿತು’ ಎಂದರು, ಕೆಲವರು ‘ಬೆಟ್ಟ ಕಡಿದದ್ದರಿಂದ’ ಎಂದರು. ಅಕಾಡೆಮಿಕ್ ಇಂಗ್ಲಿಷಿನಲ್ಲಿ ಈ ಎರಡೂ ಮಾತಿಗೆ ಬೇರೆ ಬೇರೆ ಪದಗಳಿವೆ. ಆ ಕ್ಷಣಕ್ಕೆ ಕುಸಿತವನ್ನು ಚಾಲೂ ಮಾಡಿದ್ದಕ್ಕೆ ಟ್ರಿಗರ್. ಬಹುಕಾಲದಿಂದ ಇಳಿಜಾರನ್ನು ದುರ್ಬಲಗೊಳಿಸುತ್ತಾ ಬಂದ ಹಲವು ಸಂಗತಿಗಳಲ್ಲಿ ಒಂದೊಂದೂ ಫ್ಯಾಕ್ಟರ್. ಅದು ತನ್ನ ಪಾಲು ಸೇರಿಸಿತು ಎನ್ನಲು ಕಾಂಟ್ರಿಬ್ಯೂಟ್. ಒಬ್ಬ ಸಂಶೋಧಕರು ಇಂಥದ್ದೇ ಕಾರಣ ಎಂದು ತಮ್ಮ ತೀರ್ಮಾನ ಹೇಳಿದರೆ ಅಟ್ರಿಬ್ಯೂಟ್. ಈ ನಾಲ್ಕು ತಿಳಿದ ಮೇಲೆ ಕುಸಿತದ ಬಗೆಗಿನ ವರದಿ ಓದಿದರೆ, ಯಾರು ಯಾವ ಮಾತಿಗೆ ಎಷ್ಟು ಹೊಣೆ ಹೊತ್ತಿದ್ದಾರೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ನೆಲದ ಬಗ್ಗೆ ಬೇರೆಯವರು ಬರೆದದ್ದನ್ನು ನಮ್ಮ ಮಕ್ಕಳು ತಾವೇ ಓದಿ ಅಳೆಯಬೇಕು ಎಂಬ ಆಸೆಯಿಂದಲೇ ನಾನು ಈ ಪಾಠ ಮಾಡುವುದು.

ನಾಲ್ಕನೇ ಹೆಜ್ಜೆ: ಪದದ ವಿಭಕ್ತಿ

ಕನ್ನಡದಲ್ಲಿ ‘ಹುಲಿಗೆ ಹೆದರಿದ’ ಎನ್ನುತ್ತೇವೆ, ‘ಹುಲಿಯನ್ನು ಹೆದರಿದ’ ಎನ್ನುವುದಿಲ್ಲ. ಹೆದರು ಎಂಬ ಕ್ರಿಯಾಪದ ಚತುರ್ಥಿಯನ್ನು ಕೇಳುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಹಿಂದೆ-ಮುಂದೆ ನಿಲ್ಲುವ ಪುಟ್ಟ ಪದಗಳು ಮಾಡುತ್ತವೆ. ಕನ್ಸಿಸ್ಟ್ ಜೊತೆಗೆ ಆಫ್, ಡಿರೈವ್ ಜೊತೆಗೆ ಫ್ರಮ್, ರೆಸ್ಪಾಂಡ್, ಕಾಂಟ್ರಿಬ್ಯೂಟ್, ಅಟ್ರಿಬ್ಯೂಟ್ ಜೊತೆಗೆ ಟು. ಉದಾಹರಣೆ ವಾಕ್ಯ ಬರೆದುಕೊಳ್ಳುವಾಗ ಈ ಪುಟ್ಟ ಪದದ ಅಡಿಗೆ ಕೆಂಪು ಗೆರೆ ಎಳೆಯಿರಿ. ಕನ್ನಡದ ಅಭ್ಯಾಸ ಕೆಲವೊಮ್ಮೆ ಇಲ್ಲದ ಪುಟ್ಟ ಪದವನ್ನು ತಂದು ಸೇರಿಸುತ್ತದೆ. ‘ಅದರ ಬಗ್ಗೆ ಚರ್ಚಿಸಿದರು’ ಎಂದು ಯೋಚಿಸಿ ಡಿಸ್ಕಸ್ ನಂತರ ಅಬೌಟ್ ಹಾಕುತ್ತೇವೆ. ಅಲ್ಲಿ ಅದು ಬೇಡ. ರಿಸರ್ಚ್, ಎವಿಡೆನ್ಸ್ ಪದಗಳಿಗೆ ಬಹುವಚನ ಹಚ್ಚುವುದೂ ಇಂಥದ್ದೇ ತಪ್ಪು.

ಪದಕ್ಕೆ ಒಡನಾಡಿಗಳೂ ಇರುತ್ತವೆ. ಕನ್ನಡದಲ್ಲಿ ಮಳೆ ‘ಸುರಿಯುತ್ತದೆ’, ಮಂಜು ‘ಕವಿಯುತ್ತದೆ’. ಅದಲು ಬದಲು ಮಾಡಿದರೆ ಕಿವಿಗೆ ಚುಚ್ಚುತ್ತದೆ. ಹಾಗೆಯೇ ಡೇಟಾವನ್ನು ಕಲೆಕ್ಟ್ ಮಾಡುತ್ತಾರೆ, ರೋಲ್ ಅನ್ನು ಪ್ಲೇ ಮಾಡುತ್ತಾರೆ. ಒಂದು ಪದಕ್ಕೆ ಎರಡು ಒಡನಾಡಿಗಳನ್ನು ಬರೆದುಕೊಂಡರೆ ಸಾಕು.

ಕುಟುಂಬ ಮತ್ತು ಉಚ್ಚಾರ

ಇದನ್ನು ಬೇಗ ಹೇಳಿಬಿಡುತ್ತೇನೆ. ಕಲಿ, ಕಲಿಕೆ, ಕಲಿಸು ಒಂದೇ ಮನೆಯವಾಗಿರುವಂತೆ ಅನಲೈಸ್ ಕ್ರಿಯಾಪದ, ಅನಾಲಿಸಿಸ್ ನಾಮಪದ, ಅನಲಿಟಿಕಲ್ ವಿಶೇಷಣ. ನಾಮಪದದ ಬಹುವಚನ ಅನಾಲಿಸೀಸ್. ಮೂರನ್ನೂ ಒಟ್ಟಿಗೆ ಬರೆದುಕೊಳ್ಳಿ. ಒತ್ತು ಬೀಳುವ ಜಾಗ ಮಾತ್ರ ಬದಲಾಗುತ್ತದೆ: ಕ್ರಿಯಾಪದದಲ್ಲಿ ಮೊದಲ ಅಕ್ಷರಕ್ಕೆ, ನಾಮಪದದಲ್ಲಿ ಎರಡನೆಯದಕ್ಕೆ, ವಿಶೇಷಣದಲ್ಲಿ ಮೂರನೆಯದಕ್ಕೆ. ಕನ್ನಡದಲ್ಲಿ ಒತ್ತು ಅರ್ಥ ಬದಲಿಸುವುದಿಲ್ಲವಾದ್ದರಿಂದ ನಮ್ಮ ಕಿವಿ ಇದನ್ನು ಗಮನಿಸುವುದಿಲ್ಲ. ಮೊಬೈಲ್ ನಿಘಂಟಿನ ಸ್ಪೀಕರ್ ಗುರುತನ್ನು ಒತ್ತಿ, ಕೇಳಿ, ಮೂರು ಬಾರಿ ಜೋರಾಗಿ ಹೇಳಿ.

ಐದನೇ ಹೆಜ್ಜೆ: ಕಾರ್ಡು ಮತ್ತು ಡಬ್ಬಿ

ಮರೆವು ಕಲಿತ ಕೂಡಲೇ ವೇಗವಾಗಿ ಸಾಗಿ, ದಿನ ಕಳೆದಂತೆ ನಿಧಾನವಾಗುತ್ತದೆ. 1885ರಲ್ಲಿ ಜರ್ಮನಿಯ ಹೆರ್ಮಾನ್ ಎಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ತಮ್ಮ ಮರೆವನ್ನೇ ಅಳೆದು ಇದನ್ನು ತೋರಿಸಿದರು. ಆದ್ದರಿಂದ ಮೊದಮೊದಲು ಬೇಗ ಬೇಗ, ಆಮೇಲೆ ಅಂತರ ಬಿಟ್ಟು ನೆನಪಿಸಿಕೊಳ್ಳಬೇಕು. ಅದಕ್ಕೆ ಸರಳ ಉಪಾಯ 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಬರೆದ ಡಬ್ಬಿಯ ವಿಧಾನ.

ಅಂಗೈ ಅಗಲದ ಕಾರ್ಡು ಮಾಡಿಕೊಳ್ಳಿ. ಮದುವೆಯ ಕರೆಯೋಲೆಯ ಹಿಂಬದಿ ಚೆನ್ನಾಗಿ ಒದಗುತ್ತದೆ. ಮುಂಬದಿಯಲ್ಲಿ ನಿಮ್ಮದೇ ವಾಕ್ಯ, ಪದದ ಜಾಗ ಖಾಲಿ. ಹಿಂಬದಿಯಲ್ಲಿ ಪದ, ನೀವು ಬರೆದ ಒಂದು ಸಾಲಿನ ವಿವರಣೆ, ಅದರ ವಿಭಕ್ತಿ ಪದ, ಕುಟುಂಬ. ಬರೀ ಪದವನ್ನು ಮುಂದೆ ಬರೆದು ಅರ್ಥವನ್ನು ಹಿಂದೆ ಬರೆದರೆ ಓದುವಾಗ ಗುರುತು ಸಿಗುತ್ತದೆ, ಬರೆಯುವಾಗ ಕೈಗೆ ಬರುವುದಿಲ್ಲ. ಬಾಲ್ ಪೆನ್ನಿನಲ್ಲೇ ಬರೆಯಿರಿ. ನಮ್ಮ ಮಳೆಗಾಲದ ತೇವಕ್ಕೆ ಇಂಕು ಹರಡಿ ಅಕ್ಷರ ಮಸುಕಾಗುತ್ತದೆ. ನಾಲ್ಕು ರಟ್ಟಿನ ತುಂಡುಗಳಿಂದ ಬಿಸ್ಕತ್ತು ಡಬ್ಬಿಯನ್ನು ಐದು ಮನೆ ಮಾಡಿ.

ಹೊಸ ಕಾರ್ಡು ಮೊದಲ ಮನೆಯಲ್ಲಿ. ಅದನ್ನು ದಿನಾ ನೋಡಿ. ಸರಿ ಹೇಳಿದರೆ ಎರಡನೇ ಮನೆಗೆ. ಅದು ಎರಡು ದಿನಕ್ಕೊಮ್ಮೆ. ಮೂರನೆಯದು ವಾರಕ್ಕೊಮ್ಮೆ, ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ, ಐದನೆಯದು ತಿಂಗಳಿಗೊಮ್ಮೆ. ಎಲ್ಲೇ ತಪ್ಪಿದರೂ ಆ ಕಾರ್ಡು ಮೊದಲ ಮನೆಗೆ ಮರಳಬೇಕು. ಇಲ್ಲಿ ತನಗೆ ತಾನೇ ಮೋಸ ಮಾಡಿಕೊಳ್ಳುವವರೇ ಹೆಚ್ಚು, ‘ಗೊತ್ತಿತ್ತು, ಬಾಯಿಗೆ ಬರಲಿಲ್ಲ’ ಎಂದು. ಬಾಯಿಗೆ ಬರದಿದ್ದರೆ ಗೊತ್ತಿಲ್ಲ ಎಂದೇ ಹಿಡಿಯಿರಿ. ಇದೇ ಕೆಲಸ ಮಾಡುವ ಆಂಕಿ ಎಂಬ ಆ್ಯಪ್ ಆಂಡ್ರಾಯ್ಡ್ ಫೋನಿನಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ಗಾಳಿಮಳೆಗೆ ಮರ ಬಿದ್ದು ಎರಡು-ಮೂರು ದಿನ ಕರೆಂಟು ಇಲ್ಲದೆ ಫೋನು ಸತ್ತು ಮಲಗುವ ಊರುಗಳಲ್ಲಿ ಡಬ್ಬಿಯನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ದಿನಕ್ಕೆ ಐದು ಪದ, ವಾರಕ್ಕೆ ಆರು ದಿನ. ಹೀಗೆ ಹಿಡಿದರೆ ಒಂದು ಉಪಪಟ್ಟಿಗೆ ಎರಡು ವಾರ, ಇಡೀ ಪಟ್ಟಿಗೆ 19 ವಾರ. ಜುಲೈ ನಡುವೆ ಕಕ್ಕಡ ಮಾಸ ಹುಟ್ಟುವ ದಿನ ಪ್ರಾರಂಭಿಸಿದರೆ ನವೆಂಬರ್ ಕೊನೆಗೆ, ನಮ್ಮ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ, 570 ಮುಗಿಯುತ್ತವೆ. ಹೊರಗೆ ಕಾಲಿಡಲಾಗದ ಮಳೆಯ ತಿಂಗಳುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಆಮೇಲೆ ಕಾಫಿ ಕೊಯ್ಲು ಬಂದರೆ ಮನೆಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಕೊಯ್ಲಿನ ದಿನಗಳಲ್ಲಿ ಹೊಸ ಪದ ಸೇರಿಸಬೇಡಿ. ನಾಲ್ಕು ಮತ್ತು ಐದನೇ ಮನೆಯ ಕಾರ್ಡುಗಳನ್ನು ಮಾತ್ರ ರಾತ್ರಿ ಹತ್ತು ನಿಮಿಷ ನೋಡಿ.

ಆರನೇ ಹೆಜ್ಜೆ: ವಾರಕ್ಕೊಂದು ಪ್ಯಾರಾ

ಶನಿವಾರ ಸಂಜೆ, ಆ ವಾರದ 30 ಪದಗಳಲ್ಲಿ ಎಂಟನ್ನು ಆರಿಸಿ, ಎಂಟೂ ಬರುವಂತೆ ನೂರು ಪದದ ಒಂದು ಪ್ಯಾರಾ ಬರೆಯಿರಿ. ವಿಷಯ ಒಂದೇ ಇರಲಿ. ಬಿಡಿ ವಾಕ್ಯ ಬರೆಯುವುದಕ್ಕಿಂತ ಇದು ಬಹಳ ಕಷ್ಟ; ಮೊದಲ ಪ್ಯಾರಾಕ್ಕೆ ಎರಡು ಗಂಟೆ ಹಿಡಿದರೆ ಎದೆಗುಂದಬೇಡಿ. ಬರೆದದ್ದನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿ. ‘ತಪ್ಪು ಇದೆಯೇ’ ಎಂದು ಕೇಳಬೇಡಿ, ‘ಈ ಎಂಟು ಪದಗಳು ಇಲ್ಲಿ ಒಗ್ಗುತ್ತವೆಯೇ’ ಎಂದು ಕೇಳಿ. ಆಗ ಉತ್ತರ ಉಪಯೋಗಕ್ಕೆ ಬರುತ್ತದೆ. ಯಾರೂ ಸಿಗದಿದ್ದರೆ ನಿಮ್ಮ ಪದಜೋಡಿಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಇಂಟರ್‌ನೆಟ್ಟಿನಲ್ಲಿ ಹುಡುಕಿ. ಒಳ್ಳೆಯ ಪತ್ರಿಕೆಗಳ ಲೇಖನಗಳಲ್ಲಿ ಆ ಜೋಡಿ ಸಿಗದಿದ್ದರೆ ಬದಲಿಸಿ.

ಪ್ರಗತಿ ಅಳೆಯಲು ಒಂದೇ ಲೇಖನವನ್ನು ಇಟ್ಟುಕೊಳ್ಳಿ. ಪ್ರತಿ ಉಪಪಟ್ಟಿ ಮುಗಿದಾಗ ಅದರ ಹೊಸ ಜೆರಾಕ್ಸ್ ಪ್ರತಿ ತೆಗೆದುಕೊಂಡು, ನಿಘಂಟು ಮುಟ್ಟದೆ ಓದಿ, ಅರ್ಥವಾಗದ ಪದಗಳಿಗೆ ಅಡಿಗೆರೆ ಎಳೆದು ಎಣಿಸಿ. ನಾಪೋಕ್ಲಿನ ಆ ಹುಡುಗಿ ತನ್ನ ಸೊರಗು ರೋಗದ ಲೇಖನವನ್ನೇ ಇಟ್ಟುಕೊಂಡಳು. ಎಣಿಕೆಯನ್ನು ಮಳೆಯ ಪುಸ್ತಕದಂತೆಯೇ ತಾರೀಖು ಹಾಕಿ ಒಂದರ ಕೆಳಗೊಂದು ಬರೆದಳು. ಜುಲೈನಲ್ಲಿ 63, ಆಗಸ್ಟ್ ಕೊನೆಗೆ 41, ಅಕ್ಟೋಬರಿನಲ್ಲಿ 19. ಹುತ್ತರಿ ಕಳೆದು ಕದಿರು ಕಟ್ಟಿದ ಮರುದಿನ ಬಂದು ಪುಸ್ತಕ ತೋರಿಸಿದಳು: 7. ಆ ಏಳರಲ್ಲಿ ಐದು ಶಿಲೀಂಧ್ರಶಾಸ್ತ್ರದ ಪದಗಳು, ನನಗೂ ತಿಳಿಯದವು.